ಇಂಜಿನ್ ಕಾದಾಗ ಬರ್ತಾ ಬೆಂಜ್ ನೀರು ಸುರಿದರು; ನಾವೂ ಸುರಿಯಬಹುದೇ?

ಕಾರಿನಲ್ಲಿ ಮೊಟ್ಟಮೊದಲು ದೂರಪ್ರಯಾಣ ಮಾಡಿದ್ದು ಒಬ್ಬ ಹೆಣ್ಣುಮಗಳು ಎಂಬ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಅದು ನಿಜ. ಕಾರು ಕಾದರೆ ರೇಡಿಯೇಟರ್ ಮುಚ್ಚಳ ತೆಗೆದು ತಣ್ಣೀರು ಸುರಿಯಿರಿ ಎಂಬ ಸಲಹೆಯೂ ಆಗಾಗ ಬರುತ್ತದೆ. ಅದು ಅಪಾಯಕಾರಿ. ಆದರೆ ಆ ಹೆಣ್ಣುಮಗಳು ದಾರಿಯುದ್ದಕ್ಕೂ ಮಾಡಿದ್ದು ನೀರು ಸುರಿಯುವ ಕೆಲಸವನ್ನೇ. ಅವರಿಗೆ ಏನೂ ಆಗಲಿಲ್ಲ. ಏಕೆ ಎಂದು ನೋಡೋಣ.

ಬರ್ತಾ ಹುಟ್ಟಿದ್ದು 1849ರ ಮೇ 3ರಂದು, ಜರ್ಮನಿಯ ಫೋರ್ಟ್ಸ್‌ಹೈಮ್ ಪಟ್ಟಣದ ಅನುಕೂಲಸ್ಥ ಮನೆಯಲ್ಲಿ. ಕಾರ್ಲ್ ಬೆಂಜ್ ಎಂಬ ಇಂಜಿನಿಯರ್ ಜೊತೆ ನಿಶ್ಚಯವಾದಾಗ ಅವರ ಬಳಿ ಇದ್ದದ್ದು ಸಾಲದ ವರ್ಕ್‌ಶಾಪ್ ಮತ್ತು ಜಗಳಗಂಟ ಪಾಲುದಾರ. ಬರ್ತಾ ಮದುವೆಗೆ ಮೊದಲೇ ತಮ್ಮ ವರದಕ್ಷಿಣೆ ಹಣ ತೆಗೆಸಿಕೊಟ್ಟು ಆ ಪಾಲುದಾರನನ್ನು ಬಿಡಿಸಿದರು. 1872ರಲ್ಲಿ ಮದುವೆಯಾಯಿತು. 1886ರಲ್ಲಿ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಸಿಕ್ಕಿತು, ಕಾರ್ಲ್ ಒಬ್ಬರ ಹೆಸರಿನಲ್ಲಿ. ಗಾಡಿ ಮಾತ್ರ ಮಾರಾಟವಾಗಲಿಲ್ಲ. ಕುದುರೆಯಿಲ್ಲದ ಗಾಡಿಯನ್ನು ನಂಬುವವರು ಯಾರು?

1888ರ ಆಗಸ್ಟ್‌ನಲ್ಲಿ ಬರ್ತಾ, ಗಂಡನಿಗೆ ಹೇಳದೆ, ಮಕ್ಕಳಾದ ಆಯ್ಗೆನ್ ಮತ್ತು ರಿಚರ್ಡ್‌ರನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ತವರಿಗೆ ಹೊರಟರು. ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚಿನ ದಾರಿ. ಇಂಧನದ ಪೈಪ್ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದ್ದು, ವೀಸ್ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಎಂಬ ದ್ರಾವಕವನ್ನೇ ಇಂಧನವಾಗಿ ಕೊಂಡದ್ದು, ಸವೆದ ಬ್ರೇಕಿಗೆ ಚಮ್ಮಾರರಿಂದ ತೊಗಲು ಹೊಡೆಸಿದ್ದು: ಇವೆಲ್ಲ ಫಾರ್ವರ್ಡ್‌ಗಳಲ್ಲಿ ಇರುತ್ತವೆ. ಬಿಟ್ಟುಹೋಗುವುದು ನೀರಿನ ಕಥೆ.

ಆ ಗಾಡಿಗೆ ಈಗಿನಂಥ ರೇಡಿಯೇಟರ್ ಇರಲಿಲ್ಲ. ಸಿಲಿಂಡರಿನ ಸುತ್ತ ನೀರು ನಿಲ್ಲುತ್ತಿತ್ತು. ಇಂಜಿನ್ ಕಾದಂತೆ ಅದು ಕುದಿದು ಆವಿಯಾಗಿ ಹೋಗುತ್ತಿತ್ತು. ಒಲೆಯ ಮೇಲಿನ ಪಾತ್ರೆಯಂತೆಯೇ. ಇದು ದಡ್ಡ ಉಪಾಯವಲ್ಲ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಬೇಕಾದ ಶಾಖಕ್ಕಿಂತ ಸುಮಾರು ಏಳು ಪಟ್ಟು ಶಾಖ ಅದನ್ನು ಪೂರ್ತಿ ಆವಿ ಮಾಡಲು ಬೇಕು. ಅಷ್ಟನ್ನೂ ನೀರು ಇಂಜಿನ್ನಿನಿಂದ ಹೊತ್ತೊಯ್ಯುತ್ತದೆ. ತೊಂದರೆ ಒಂದೇ, ನೀರು ಮುಗಿಯುತ್ತದೆ. ಹಾಗಾಗಿ ದಾರಿಯಲ್ಲಿ ಸಿಕ್ಕ ಹಳ್ಳ, ಬಾವಿ, ಹೋಟೆಲು ಎಲ್ಲೆಡೆ ನಿಲ್ಲಿಸಿ ತುಂಬಿಸಬೇಕಾಯಿತು. ಏರು ಬಂದಾಗ ಮಕ್ಕಳು ಇಳಿದು ತಳ್ಳಿದರು. ಕತ್ತಲಾಗುವ ಹೊತ್ತಿಗೆ ಊರು ಸೇರಿ, ಬರ್ತಾ ಗಂಡನಿಗೆ ತಂತಿ ಕಳಿಸಿದರು.

ಅವರ ಗಾಡಿಯಲ್ಲಿ ಆವಿ ಹೊರಗೆ ಹೋಗುತ್ತಿತ್ತು, ಒತ್ತಡ ಕಟ್ಟುತ್ತಿರಲಿಲ್ಲ. ನಮ್ಮ ಕಾರುಗಳಲ್ಲಿ ಕೂಲಂಟ್ ಬಿಗಿಯಾದ ಮುಚ್ಚಳದ ಕೆಳಗೆ ಒತ್ತಡದಲ್ಲಿರುತ್ತದೆ. ಅದರಿಂದಲೇ 100 ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲ. ಕಾದ ಇಂಜಿನ್ನಿನ ಮುಚ್ಚಳ ತಿರುಗಿಸಿದರೆ ಒತ್ತಡ ಒಮ್ಮೆಲೇ ಇಳಿದು, ದ್ರವ ಕ್ಷಣದಲ್ಲಿ ಕುದಿದು ಮುಖಕ್ಕೆ, ಕೈಗೆ ಚಿಮ್ಮುತ್ತದೆ. ಪ್ರೆಶರ್ ಕುಕ್ಕರ್ ವಿಸಿಲ್ ಇಳಿಯುವ ಮೊದಲೇ ಮುಚ್ಚಳ ತೆಗೆಯಲು ಯಾರೂ ಹೋಗುವುದಿಲ್ಲ. ಬಾನೆಟ್ ಎತ್ತಿದ ತಕ್ಷಣ ಆ ಎಚ್ಚರ ಮರೆತುಹೋಗುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಬಿದ್ದರೆ ಲೋಹ ಬಿರುಕು ಬಿಡುವ ಸಾಧ್ಯತೆಯೂ ಇದೆ.

ಮುಳ್ಳು ಕೆಂಪಿನತ್ತ ಹೋದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ. ಸೆಖೆಯಲ್ಲಿ ಹೀಟರೇ ಎಂದು ನಗಬೇಡಿ, ಅದೂ ಒಂದು ಪುಟ್ಟ ರೇಡಿಯೇಟರ್. ಬದಿಗೆ ನಿಲ್ಲಿಸಿ. ಮುಳ್ಳು ಇಳಿಯದಿದ್ದರೆ ಇಂಜಿನ್ ಆಫ್ ಮಾಡಿ ಕನಿಷ್ಠ ಅರ್ಧ ಗಂಟೆ ಕಾಯಿರಿ. ಪೂರ್ತಿ ತಣಿದ ಮೇಲೆ ಮಾತ್ರ ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ನಿಧಾನ ತಿರುಗಿಸಿ.

ಆಮೇಲೆ ಪತ್ತೆ ಕೆಲಸ. ಟ್ರಾಫಿಕ್‌ನಲ್ಲಿ ಕಾದು, ಹೈವೇಯಲ್ಲಿ ಓಡಿದಾಗ ತಣ್ಣಗಾದರೆ ಫ್ಯಾನ್ ಮೇಲೆ ಅನುಮಾನ, ಏಕೆಂದರೆ ನಿಂತ ಕಾರಿಗೆ ಗಾಳಿ ಕೊಡುವುದು ಅದೊಂದೇ. ವೇಗದಲ್ಲಿ ಅಥವಾ ಘಾಟಿ ಏರುವಾಗ ಕಾದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ಕೂಲಂಟ್ ಕಡಿಮೆ ಇರಬಹುದು, ವಾಟರ್ ಪಂಪ್ ಸೋತಿರಬಹುದು. ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಹೆಚ್ಚಾಗಿ ಥರ್ಮೋಸ್ಟಾಟ್ ತೆರೆಯುತ್ತಿಲ್ಲ ಎಂದರ್ಥ. ಅದನ್ನು ಕಿತ್ತೇ ಬಿಡುವ ಸಲಹೆ ಬೇಡ. ಇಂಜಿನ್ ಸರಿಯಾದ ಬಿಸಿಗೆ ಬರದೆ ಡೀಸೆಲ್, ಪೆಟ್ರೋಲ್ ಹೆಚ್ಚು ತಿನ್ನುತ್ತದೆ. ಎಲ್ಲೂ ಸೋರದೆ ಕೂಲಂಟ್ ಮಾಯವಾಗುತ್ತಾ, ಬಿಳಿ ಹೊಗೆ ಬರುತ್ತಾ, ಇಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸೂಚನೆ. ಆಗ ಓಡಿಸಲೇಬೇಡಿ. ಅಂದಹಾಗೆ, ಬೋರ್‌ವೆಲ್‌ನ ಗಡಸು ನೀರನ್ನೇ ಹಾಕುತ್ತಿದ್ದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವಂತೆ.

ಬರ್ತಾ ಹಿಂತಿರುಗಿದ ಮೇಲೆ, ಏರು ಹತ್ತಲು ಕಾರ್ಲ್ ಇನ್ನೊಂದು ಗೇರ್ ಸೇರಿಸಿದರು. ನೀರಿನ ಸಮಸ್ಯೆಗೆ ದೊಡ್ಡ ಉತ್ತರ ಬಂದದ್ದು ಪ್ರತಿಸ್ಪರ್ಧಿ ಡೈಮ್ಲರ್ ಕಂಪನಿಯಿಂದ. ಅಲ್ಲಿನ ವಿಲ್ಹೆಲ್ಮ್ ಮೇಬಾಕ್ 1900ರ ಹೊತ್ತಿಗೆ 8,070 ಪುಟ್ಟ ಕೊಳವೆಗಳ ಜೇನುಗೂಡಿನಂಥ ರೇಡಿಯೇಟರ್ ಮಾಡಿದರು. ಒಂಬತ್ತು ಲೀಟರ್ ನೀರು ಸಾಕಾಯಿತು, ಅದೇ ನೀರು ಮತ್ತೆ ಮತ್ತೆ ಸುತ್ತುತ್ತಿತ್ತು. 1926ರಲ್ಲಿ ಎರಡು ಕಂಪನಿಗಳೂ ಒಂದಾದವು.

ಕಾರ್ಲ್ 1929ರಲ್ಲಿ ತೀರಿಕೊಂಡರು. ಬರ್ತಾ ಲಾಡೆನ್‌ಬುರ್ಗ್‌ನ ಮನೆಯಲ್ಲೇ ಉಳಿದು, 95ನೇ ಹುಟ್ಟುಹಬ್ಬ ಕಳೆದ ಎರಡೇ ದಿನಕ್ಕೆ, 1944ರ ಮೇ 5ರಂದು ಕಣ್ಣುಮುಚ್ಚಿದರು. ಅವರು ಹೋಗಿಬಂದ ದಾರಿಯನ್ನು 2008ರಲ್ಲಿ ಸ್ಮಾರಕ ಮಾರ್ಗವೆಂದು ಗುರುತಿಸಲಾಗಿದೆ. ವೀಸ್ಲೋಖ್‌ನ ಔಷಧಿ ಅಂಗಡಿಯ ಮುಂದೆ ಅವರ ನೆನಪಿನ ಶಿಲ್ಪವೂ ಇದೆ.