ನೂರರ ಎತ್ತರಕ್ಕೇರಿದ ವಿಲ್ಟ್ ಚೇಂಬರ್ಲೇನ್

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಶಾಲಾ ಮೈದಾನಗಳಲ್ಲಿ ವಯಸ್ಸಿಗೆ ಮೀರಿ ಬೆಳೆದ ಹುಡುಗನೊಬ್ಬ ಕಾಣಿಸಿಕೊಂಡರೆ, ದೈಹಿಕ ಶಿಕ್ಷಕರು ಅವನನ್ನು ಮೊದಲು ಕರೆದೊಯ್ಯುವುದು ವಾಲಿಬಾಲ್ ಬಲೆಯ ಬಳಿಗೆ. ಬ್ಯಾಸ್ಕೆಟ್‌ಬಾಲ್ ಅಂಕಣವಿರುವ ಊರಾದರೆ ಬುಟ್ಟಿಯ ಕೆಳಗೆ. ಎತ್ತರವೊಂದಿದ್ದರೆ ಆಟ ತಾನಾಗಿಯೇ ಒಲಿಯುತ್ತದೆ ಎಂಬ ನಂಬಿಕೆ ಎಲ್ಲ ಊರುಗಳಲ್ಲೂ ಇದೆ. ಗೆದ್ದರೆ ಅದು ಎತ್ತರದ ಪುಣ್ಯ; ಸೋತರೆ ಇಷ್ಟು ಎತ್ತರವಿದ್ದೂ ಏನು ಬಂತು ಎಂಬ ಮೂದಲಿಕೆ. ಈ ಎರಡು ಮಾತುಗಳ ನಡುವೆಯೇ ಇಡೀ ಬಾಳನ್ನು ಕಳೆದ ಆಟಗಾರ ಅಮೆರಿಕದ ವಿಲ್ಟ್ ಚೇಂಬರ್ಲೇನ್. ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ ಈ 7 ಅಡಿ 1 ಅಂಗುಲದ ಆಜಾನುಬಾಹುವಿಗೆ ಅಂಕಿ ಅಂಶಗಳಲ್ಲಿ ಸರಿಸಾಟಿಯಾದವರು ವಿರಳ. ಆದರೂ ಅವರ ಕಾಲದ ಪತ್ರಿಕೆಗಳು ಅವರನ್ನು ಬಹುಕಾಲ ಸೋಲಿನ ಸರದಾರನೆಂದೇ ಕರೆದವು.

ಫಿಲಡೆಲ್ಫಿಯಾದ ಬಾಲಕ

ವಿಲ್ಟನ್ ನಾರ್ಮನ್ ಚೇಂಬರ್ಲೇನ್ ಜನಿಸಿದ್ದು 1936ರ ಆಗಸ್ಟ್ 21ರಂದು, ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾ ನಗರದಲ್ಲಿ. ತಂದೆ ವಿಲಿಯಂ ಕೂಲಿ ಕೆಲಸದಿಂದ ಸಂಸಾರ ಸಾಗಿಸುತ್ತಿದ್ದರು; ತಾಯಿ ಒಲಿವಿಯಾ ಪರರ ಮನೆಗೆಲಸ ಮಾಡಿ ಕೈಜೋಡಿಸುತ್ತಿದ್ದರು. ಒಂಬತ್ತು ಮಕ್ಕಳ ಕಪ್ಪು ಕುಟುಂಬವದು. ಬಾಲ್ಯದಲ್ಲಿ ನ್ಯುಮೋನಿಯಾ ತಗುಲಿ ಹುಡುಗ ಬದುಕುವುದೇ ಕಷ್ಟವೆಂಬಂತಾಗಿತ್ತು. ಶಾಲೆಯ ಒಂದು ವರ್ಷವೂ ಕೈಬಿಟ್ಟುಹೋಯಿತು. ಚೇತರಿಸಿಕೊಂಡ ಹುಡುಗನಿಗೆ ಮೊದಲು ಹಿಡಿಸಿದ್ದು ಬ್ಯಾಸ್ಕೆಟ್‌ಬಾಲ್ ಅಲ್ಲ, ಓಟ ಮತ್ತು ಜಿಗಿತ. ಎತ್ತರ ಜಿಗಿತದಲ್ಲಿಯೂ ಓಟದಲ್ಲಿಯೂ ಪಳಗಿದ ಆ ಕಾಲುಗಳೇ ಮುಂದೆ ಅವರನ್ನು ಇತರ ದೈತ್ಯ ಆಟಗಾರರಿಂದ ಬೇರೆಯಾಗಿಸಿದವು. ಎತ್ತರದವರು ನಿಧಾನಿಗಳು ಎಂಬ ಅಂದಿನ ಎಣಿಕೆಯನ್ನು ಅವರು ಸುಳ್ಳು ಮಾಡಿದರು.

ಓವರ್‌ಬ್ರೂಕ್ ಪ್ರೌಢಶಾಲೆಯ ತಂಡ ಅವರಿದ್ದ ಮೂರು ವರ್ಷಗಳಲ್ಲಿ ಸೋತದ್ದು ಬೆರಳೆಣಿಕೆಯ ಪಂದ್ಯಗಳನ್ನು ಮಾತ್ರ. ಬಾಗಿಲು ದಾಟುವಾಗ ತಲೆ ಬಗ್ಗಿಸಲೇಬೇಕಾಗಿದ್ದ ಗೆಳೆಯನಿಗೆ ಸಂಗಡಿಗರು ಡಿಪ್ಪರ್ ಎಂದು ಹೆಸರಿಟ್ಟರು. ಆ ಹೆಸರು ಅವರಿಗೆ ಪ್ರಿಯವಾಗಿತ್ತು. ಪತ್ರಕರ್ತರು ಪ್ರಾಸಕ್ಕಾಗಿ ಕಟ್ಟಿದ ಸ್ಟಿಲ್ಟ್ ಎಂಬ ಹೆಸರನ್ನು ಮಾತ್ರ, ತಮ್ಮನ್ನು ಮರಗಾಲಿಗೆ ಹೋಲಿಸಿದ ಕಾರಣಕ್ಕೆ, ಕೊನೆಯವರೆಗೂ ದ್ವೇಷಿಸಿದರು.

1955ರಲ್ಲಿ ಅವರು ಕ್ಯಾನ್ಸಸ್ ವಿಶ್ವವಿದ್ಯಾಲಯ ಸೇರಿದರು. ಹೋಟೆಲುಗಳಲ್ಲಿ, ಚಿತ್ರಮಂದಿರಗಳಲ್ಲಿ ಕಪ್ಪು ಜನರಿಗೆ ಬೇರೆ ಸಾಲು, ಬೇರೆ ಮೂಲೆ ಇದ್ದ ಕಾಲ. ತಂಡದ ಹೆಮ್ಮೆಯಾಗಿದ್ದ ಚೇಂಬರ್ಲೇನ್ ಈ ಕಟ್ಟಳೆಗಳನ್ನು ಲೆಕ್ಕಿಸದೆ ತಮಗೆ ಬೇಕಾದಲ್ಲಿ ಕುಳಿತು ಊಟ ಮಾಡಿದರು. 1956ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಪರ ಆಡಿದ ಮೊದಲ ಪಂದ್ಯದಲ್ಲೇ 52 ಅಂಕ, 31 ರೀಬೌಂಡ್.

ಆದರೆ 1957ರ ರಾಷ್ಟ್ರೀಯ ಕಾಲೇಜು ಫೈನಲ್‌ನಲ್ಲಿ ನಾರ್ತ್ ಕೆರೊಲಿನಾ ತಂಡ ಮೂರು ಹೆಚ್ಚುವರಿ ಅವಧಿಗಳ ಬಳಿಕ 54-53ರಿಂದ ಗೆದ್ದಿತು. ಕೂಟದ ಶ್ರೇಷ್ಠ ಆಟಗಾರ ಪ್ರಶಸ್ತಿ ಸೋತ ತಂಡದ ಚೇಂಬರ್ಲೇನ್ ಪಾಲಾಯಿತು. ಒಂದು ಅಂಕದ ಆ ಸೋಲು ಅವರ ಬಾಳಿನುದ್ದಕ್ಕೂ ಮರುಕಳಿಸಲಿದ್ದ ಕಥೆಯ ಮೊದಲ ಅಧ್ಯಾಯವಾಗಿತ್ತು: ಪ್ರಶಸ್ತಿ ವ್ಯಕ್ತಿಗೆ, ಕಪ್ಪು ಎದುರಾಳಿಗೆ.

ನಿಯಮಗಳನ್ನೇ ಬದಲಿಸಿದ ಆಟ

ಎದುರಾಳಿಗಳು ಮೂವರು ನಾಲ್ವರಾಗಿ ಸುತ್ತುವರಿಯುತ್ತಿದ್ದ ಕಾಲೇಜು ಆಟದಿಂದ ಬೇಸತ್ತ ಚೇಂಬರ್ಲೇನ್ 1958ರಲ್ಲಿ ವ್ಯಾಸಂಗ ಮುಗಿಯುವ ಮೊದಲೇ ಹೊರಬಂದರು. ಸಹಪಾಠಿಗಳ ಪದವಿ ಮುಗಿಯುವವರೆಗೆ ವೃತ್ತಿಪರ ಲೀಗ್ ಆದ ಎನ್‌ಬಿಎ ಪ್ರವೇಶಿಸುವಂತಿರಲಿಲ್ಲ. ಆ ಒಂದು ವರ್ಷವನ್ನು ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಎಂಬ ಪ್ರದರ್ಶನ ತಂಡದಲ್ಲಿ ಕಳೆದರು. 1959ರಲ್ಲಿ ಆ ತಂಡದೊಂದಿಗೆ ಮಾಸ್ಕೋಗೂ ಹೋಗಿ ಬಂದರು. ಗೆಲುವಿನ ಭಾರವಿಲ್ಲದೆ ಜನರನ್ನು ನಗಿಸುತ್ತಾ ಆಡಿದ ಆ ವರ್ಷವನ್ನು ಅವರು ಸದಾ ಪ್ರೀತಿಯಿಂದ ನೆನೆಯುತ್ತಿದ್ದರು.

1959ರ ಅಕ್ಟೋಬರಿನಲ್ಲಿ ತವರಿನ ಫಿಲಡೆಲ್ಫಿಯಾ ವಾರಿಯರ್ಸ್ ಪರ ಎನ್‌ಬಿಎಗೆ ಕಾಲಿಟ್ಟಾಗ ಮೊದಲ ಪಂದ್ಯದಲ್ಲಿ 43 ಅಂಕ, 28 ರೀಬೌಂಡ್ ದಾಖಲಾದವು. ಆ ವರ್ಷದ ಸರಾಸರಿ 37.6 ಅಂಕ. ವರ್ಷದ ಹೊಸಬ, ವರ್ಷದ ಅತ್ಯಮೂಲ್ಯ ಆಟಗಾರ ಎರಡೂ ಪ್ರಶಸ್ತಿಗಳು ಒಬ್ಬರಿಗೇ ಸಂದವು. ಎದುರಾಳಿಗಳಿಗೆ ಅವರನ್ನು ತಡೆಯಲು ಉಳಿದ ದಾರಿ ಒಂದೇ: ಹೊಡೆದು, ತಳ್ಳಿ, ಜೋತುಬೀಳುವುದು. ಏಟುಗಳಿಂದ ನೊಂದ ಅವರು ಮೊದಲ ವರ್ಷದ ಕೊನೆಯಲ್ಲೇ ನಿವೃತ್ತಿಯ ಮಾತಾಡಿದ್ದರು. ಆದರೂ ತಿರುಗಿ ಹೊಡೆಯಲಿಲ್ಲ. ತಮ್ಮ ಬಲದ ಅರಿವು ಅವರಿಗಿತ್ತು. ವೃತ್ತಿಜೀವನದ 1,045 ಲೀಗ್ ಪಂದ್ಯಗಳಲ್ಲಿ ಒಮ್ಮೆಯೂ ಫೌಲ್‌ಗಳ ಮಿತಿ ಮೀರಿ ಅವರು ಹೊರನಡೆಯಲಿಲ್ಲ.

ಆಟದ ನಿಯಮಗಳೇ ಅವರಿಗಾಗಿ ತಿದ್ದುಪಡಿಯಾದವು. ಬುಟ್ಟಿಯ ಮುಂದಿನ ನಿರ್ಬಂಧಿತ ಪ್ರದೇಶವನ್ನು 1951ರಲ್ಲಿ ಜಾರ್ಜ್ ಮೈಕನ್ ಎಂಬ ಮತ್ತೊಬ್ಬ ದೈತ್ಯನ ಕಾರಣಕ್ಕೆ 6 ಅಡಿಯಿಂದ 12 ಅಡಿಗೆ ಹಿಗ್ಗಿಸಲಾಗಿತ್ತು; ಚೇಂಬರ್ಲೇನ್ ಅಬ್ಬರ ತಗ್ಗಿಸಲು 1964ರಲ್ಲಿ ಅದನ್ನು 16 ಅಡಿ ಮಾಡಲಾಯಿತು. ಅಂಕಗಳ ಹರಿವು ನಿಲ್ಲಲಿಲ್ಲ.

ಹರ್ಷೆಯ ಆ ರಾತ್ರಿ

1961-62ರ ಋತು ಇಂದಿಗೂ ನಂಬಲು ಕಷ್ಟವೆನಿಸುವಂಥದ್ದು. 80 ಪಂದ್ಯಗಳಲ್ಲಿ 4,029 ಅಂಕ; ಪಂದ್ಯವೊಂದಕ್ಕೆ ಸರಾಸರಿ 50.4. ಎನ್‌ಬಿಎ ಪಂದ್ಯದ ಅವಧಿ 48 ನಿಮಿಷ. ಅವರು ಆಡಿದ ಸರಾಸರಿ 48.5 ನಿಮಿಷ. ಹೆಚ್ಚುವರಿ ಅವಧಿಗಳೂ ಸೇರಿದ್ದರಿಂದ ಹೀಗಾಯಿತು. ತೀರ್ಪುಗಾರರು ಹೊರಗೆ ಕಳುಹಿಸಿದ ಒಂದು ಪಂದ್ಯದ 8 ನಿಮಿಷಗಳನ್ನು ಬಿಟ್ಟರೆ ಇಡೀ ವರ್ಷ ಅವರು ವಿಶ್ರಾಂತಿಗೆಂದು ಬೆಂಚಿನ ಮೇಲೆ ಕುಳಿತದ್ದಿಲ್ಲ.

ಅದೇ ವರ್ಷದ ಮಾರ್ಚ್ 2ರಂದು ವಾರಿಯರ್ಸ್ ಮತ್ತು ನ್ಯೂಯಾರ್ಕ್ ನಿಕ್ಸ್ ತಂಡಗಳು ಹರ್ಷೆ ಎಂಬ ಚಾಕೊಲೇಟ್ ಕಾರ್ಖಾನೆಯ ಪುಟ್ಟ ಊರಿನಲ್ಲಿ ಎದುರಾದವು. ಬೆಂಗಳೂರಿನ ಕಂಠೀರವದಲ್ಲಿ ನಡೆಯಬೇಕಾದ ಪಂದ್ಯ ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ನಡೆದಂತೆ. ಹೊಸ ಊರುಗಳಲ್ಲಿ ಪ್ರೇಕ್ಷಕರನ್ನು ಸಂಪಾದಿಸಲು ತಂಡಗಳು ಆಗ ಹೀಗೆ ಸುತ್ತುತ್ತಿದ್ದವು. ಅಂದು ನೆರೆದವರು 4,124 ಮಂದಿ. ದೂರದರ್ಶನದ ಕ್ಯಾಮೆರಾ ಇರಲಿಲ್ಲ.

ಮೊದಲ ಕಾಲುಭಾಗದಲ್ಲಿ 23, ಅರ್ಧ ಆಟಕ್ಕೆ 41, ಮೂರನೆಯ ಕಾಲುಭಾಗ ಮುಗಿದಾಗ 69 ಅಂಕ. ಬಳಿಕ ಪಂದ್ಯ ಪಂದ್ಯವಾಗಿ ಉಳಿಯಲಿಲ್ಲ. ಸಂಗಡಿಗರು ಚೆಂಡನ್ನೆಲ್ಲ ಅವರ ಕೈಗೇ ಕೊಡತೊಡಗಿದರು. ನಿಕ್ಸ್ ಆಟಗಾರರು ಅವಮಾನ ತಪ್ಪಿಸಿಕೊಳ್ಳಲು ಸಮಯ ಕಳೆಯುತ್ತಾ ಉಳಿದವರಿಗೆ ಫೌಲ್ ಮಾಡತೊಡಗಿದರು. ಕೊನೆಯ ನಿಮಿಷದಲ್ಲಿ 100ನೆಯ ಅಂಕ ಬಿದ್ದಾಗ ಜನ ಅಂಕಣಕ್ಕೇ ನುಗ್ಗಿದರು. ವಾರಿಯರ್ಸ್ 169-147ರಿಂದ ಗೆದ್ದಿತು. ಹಾಳೆಯ ತುಂಡೊಂದರ ಮೇಲೆ ನೂರು ಎಂದು ಬರೆದು ಚೇಂಬರ್ಲೇನ್ ಕೈಗಿತ್ತು ತೆಗೆದ ಚಿತ್ರವೇ ಆ ರಾತ್ರಿಯ ಗುರುತಾಗಿ ಉಳಿಯಿತು.

ಆ ನೂರರೊಳಗೆ ಇನ್ನೊಂದು ಪಾಠವೂ ಅಡಗಿದೆ. ಫ್ರೀ ಥ್ರೋಗಳಲ್ಲಿ ಚೇಂಬರ್ಲೇನ್ ಸದಾ ದುರ್ಬಲರು. ಜೀವಮಾನದ ಯಶಸ್ಸು ಶೇಕಡಾ 51ರಷ್ಟು ಮಾತ್ರ. ಆ ವರ್ಷ ಮಾತ್ರ ಅವರು ಚೆಂಡನ್ನು ಎರಡೂ ಕೈಗಳಿಂದ ಕೆಳಗಿನಿಂದ ಮೇಲಕ್ಕೆ ತೂರುವ ಹಳೆಯ ವಿಧಾನ ಅನುಸರಿಸಿದ್ದರು. ಹರ್ಷೆಯಲ್ಲಿ 32 ಯತ್ನಗಳಲ್ಲಿ 28 ಬುಟ್ಟಿ ಸೇರಿದವು. ಆದರೆ ಆ ಭಂಗಿ ನೋಡುವವರ ಕಣ್ಣಿಗೆ ಹಾಸ್ಯಾಸ್ಪದವಾಗಿ ಕಾಣುತ್ತದೆಂಬ ಸಂಕೋಚದಿಂದ ಮುಂದೆ ಅದನ್ನು ಕೈಬಿಟ್ಟರು. ತಪ್ಪು ಮಾಡಿದೆನೆಂದು ನಂತರ ಅವರೇ ಒಪ್ಪಿಕೊಂಡರು. ಜನ ಏನೆಂದುಕೊಳ್ಳುವರೋ ಎಂಬ ಅಳುಕು ಏಳಡಿಯ ಮನುಷ್ಯನನ್ನೂ ಬಿಡಲಿಲ್ಲ.

ಎದುರಿಗೆ ನಿಂತ ರಸೆಲ್

ಅಂಥ ವರ್ಷದಲ್ಲೂ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಚೇಂಬರ್ಲೇನ್‌ಗೆ ಸಿಗಲಿಲ್ಲ. ಅದು ಬಾಸ್ಟನ್ ಸೆಲ್ಟಿಕ್ಸ್ ತಂಡದ ಬಿಲ್ ರಸೆಲ್ ಪಾಲಾಯಿತು. ರಸೆಲ್ ಎತ್ತರದಲ್ಲಿ ಕಿರಿಯರು, ಅಂಕ ಗಳಿಕೆಯಲ್ಲಿ ಸಾಧಾರಣರು. ರಕ್ಷಣೆಯಲ್ಲಿ ಮಾತ್ರ ಅದ್ವಿತೀಯರು. 13 ವರ್ಷಗಳಲ್ಲಿ 11 ಬಾರಿ ಸೆಲ್ಟಿಕ್ಸ್ ಚಾಂಪಿಯನ್ ಆಯಿತು. 1960ರ ನವೆಂಬರ್ 24ರಂದು ಅದೇ ರಸೆಲ್ ಎದುರು ಚೇಂಬರ್ಲೇನ್ 55 ರೀಬೌಂಡ್ ಪಡೆದು ಇಂದಿಗೂ ಅಳಿಯದ ದಾಖಲೆ ಬರೆದರು. ಆ ಪಂದ್ಯವನ್ನೂ ಗೆದ್ದದ್ದು ಸೆಲ್ಟಿಕ್ಸ್ ತಂಡವೇ. ಪ್ಲೇಆಫ್ ಹಂತದಲ್ಲಿ ಇಬ್ಬರೂ ಎಂಟು ಬಾರಿ ಎದುರಾದರು. ಏಳು ಬಾರಿ ಗೆಲುವು ರಸೆಲ್ ಕಡೆಗಿತ್ತು. 1962ರ ಏಳನೆಯ ಪಂದ್ಯ ಎರಡು ಅಂಕಗಳಿಂದ, 1965ರ ಏಳನೆಯ ಪಂದ್ಯ ಒಂದು ಅಂಕದಿಂದ ಕೈತಪ್ಪಿತು.

ಅಂಕಣದ ಹೊರಗೆ ಇಬ್ಬರೂ ಆಪ್ತರು. ಪಂದ್ಯದ ಹಿಂದಿನ ದಿನ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಂಡು ಮಲಗಿದ್ದೂ ಉಂಟು. ಆದರೆ ಜನರ ಬಾಯಲ್ಲಿ ಹೋಲಿಕೆ ಬೇರೆಯಾಗಿತ್ತು: ಒಬ್ಬ ತಂಡಕ್ಕಾಗಿ ಆಡುವವನು, ಇನ್ನೊಬ್ಬ ತನಗಾಗಿ ಆಡುವವನು. ಸೆಲ್ಟಿಕ್ಸ್ ತಂಡದಲ್ಲಿ ರಸೆಲ್ ಸುತ್ತ ಎಂತೆಂಥ ಆಟಗಾರರಿದ್ದರು ಎಂಬುದನ್ನು ಈ ಹೋಲಿಕೆ ಮರೆತುಬಿಡುತ್ತಿತ್ತು.

ವಾರಿಯರ್ಸ್ 1962ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಸ್ಥಳಾಂತರಗೊಂಡಿತು. 1965ರ ಜನವರಿಯಲ್ಲಿ ಚೇಂಬರ್ಲೇನ್ ಮತ್ತೆ ತವರಿಗೆ, ಸೆವೆಂಟಿಸಿಕ್ಸರ್ಸ್ ತಂಡಕ್ಕೆ ಮರಳಿದರು. ಅಲ್ಲಿ ತರಬೇತುದಾರ ಅಲೆಕ್ಸ್ ಹ್ಯಾನಮ್ ಅವರ ಮಾತಿಗೆ ಕಿವಿಗೊಟ್ಟು ತಮ್ಮ ಆಟವನ್ನೇ ಬದಲಿಸಿಕೊಂಡರು. ಅಂಕಗಳ ಆಸೆ ಬಿಟ್ಟು ಸಂಗಡಿಗರಿಗೆ ಚೆಂಡು ಹಂಚತೊಡಗಿದರು. 1966-67ರಲ್ಲಿ ಅವರ ಸರಾಸರಿ 24.1 ಅಂಕಕ್ಕೆ ಇಳಿಯಿತು. ತಂಡ 81ರಲ್ಲಿ 68 ಪಂದ್ಯ ಗೆದ್ದಿತು. ಸತತ ಎಂಟು ಬಾರಿಯ ಚಾಂಪಿಯನ್ ಸೆಲ್ಟಿಕ್ಸ್ ತಂಡವನ್ನು 4-1ರಿಂದ ಮಣಿಸಿ, ಫೈನಲ್‌ನಲ್ಲಿ ಹಳೆಯ ವಾರಿಯರ್ಸ್ ತಂಡವನ್ನೇ ಸೋಲಿಸಿತು. ಮೂವತ್ತರ ಹರೆಯದಲ್ಲಿ ಚೇಂಬರ್ಲೇನ್ ಮೊದಲ ಬಾರಿಗೆ ಎನ್‌ಬಿಎ ಚಾಂಪಿಯನ್ ಎನಿಸಿದರು. ಮರುವರ್ಷ 702 ಅಸಿಸ್ಟ್‌ಗಳೊಂದಿಗೆ ಇಡೀ ಲೀಗ್‌ನಲ್ಲೇ ಮೊದಲಿಗರಾದರು. ಬುಟ್ಟಿಯ ಕೆಳಗೆ ನಿಲ್ಲುವ ಸೆಂಟರ್ ಆಟಗಾರನೊಬ್ಬ ಚೆಂಡು ಹಂಚಿಕೆಯಲ್ಲಿ ಮುಂದಾದದ್ದು ಅಪೂರ್ವ ಸಂಗತಿ.

ಲಾಸ್ ಏಂಜಲಿಸ್‌ನ ಕೊನೆಯ ವರ್ಷಗಳು

1968ರಲ್ಲಿ ಲಾಸ್ ಏಂಜಲಿಸ್ ಲೇಕರ್ಸ್ ಸೇರಿದ ಚೇಂಬರ್ಲೇನ್‌ಗೆ ಮರುವರ್ಷವೇ ಕಹಿ ಕಾದಿತ್ತು. 1969ರ ಫೈನಲ್‌ನ ಏಳನೆಯ ಪಂದ್ಯದಲ್ಲಿ ಮೊಣಕಾಲು ನೋವಿನಿಂದ ಹೊರಬಂದ ಅವರನ್ನು ತರಬೇತುದಾರರು ಮತ್ತೆ ಅಂಕಣಕ್ಕಿಳಿಸಲಿಲ್ಲ. ಲೇಕರ್ಸ್ 108-106ರಿಂದ ಸೋತಿತು. ಅದು ರಸೆಲ್ ಅವರ ಕೊನೆಯ ಪಂದ್ಯ. ನಿರ್ಣಾಯಕ ಗಳಿಗೆಯಲ್ಲಿ ಚೇಂಬರ್ಲೇನ್ ಹಿಂದೆ ಸರಿದರೆಂಬ ಅರ್ಥದಲ್ಲಿ ಬಳಿಕ ರಸೆಲ್ ಬಹಿರಂಗವಾಗಿ ಟೀಕಿಸಿದರು. ಆಪ್ತ ಗೆಳೆಯನ ಮಾತು ಎದೆಗೆ ನಾಟಿತು. ಸುಮಾರು ಎರಡು ದಶಕ ಇಬ್ಬರೂ ಮಾತು ಬಿಟ್ಟರು.

1969ರ ನವೆಂಬರಿನಲ್ಲಿ ಮೊಣಕಾಲಿನ ಸ್ನಾಯುರಜ್ಜು ಹರಿಯಿತು. ಆಟ ಮುಗಿಯಿತೆಂದು ಹಲವರು ಭಾವಿಸಿದ್ದಾಗ ಅದೇ ಋತುವಿನಲ್ಲಿ ಮರಳಿ ಫೈನಲ್ ಆಡಿದರು. ನಿಕ್ಸ್ ಎದುರು ಏಳನೆಯ ಪಂದ್ಯದಲ್ಲಿ ಮತ್ತೆ ಸೋಲು. 1971-72ರಲ್ಲಿ ಮಾತ್ರ ದಿನ ಒಲಿಯಿತು. ಲೇಕರ್ಸ್ ಸತತ 33 ಪಂದ್ಯ ಗೆದ್ದಿತು. 35ರ ಚೇಂಬರ್ಲೇನ್ ರಕ್ಷಣೆಗೆ, ರೀಬೌಂಡ್‌ಗೆ ತಮ್ಮನ್ನು ಮೀಸಲಿಟ್ಟಿದ್ದರು; ಪಂದ್ಯಕ್ಕೆ 15 ಅಂಕವನ್ನೂ ಮುಟ್ಟದ ಸರಾಸರಿ. ಕೈಗೆ ತೀವ್ರ ಪೆಟ್ಟಾಗಿದ್ದರೂ ಫೈನಲ್‌ನ ಕೊನೆಯ ಪಂದ್ಯದಲ್ಲಿ 24 ಅಂಕ, 29 ರೀಬೌಂಡ್ ಗಳಿಸಿ ಫೈನಲ್‌ನ ಶ್ರೇಷ್ಠ ಆಟಗಾರರಾದರು. ಅವರ ಎರಡೂ ಚಾಂಪಿಯನ್ ಪಟ್ಟಗಳು ಬಂದದ್ದು ಅಂಕ ಗಳಿಕೆ ತಗ್ಗಿಸಿದ ವರ್ಷಗಳಲ್ಲೇ.

1973ರಲ್ಲಿ ಲೇಕರ್ಸ್ ತೊರೆದಾಗ ಅವರ ಹೆಸರಿನಲ್ಲಿ 31,419 ಅಂಕ, 23,924 ರೀಬೌಂಡ್‌ಗಳಿದ್ದವು. ರೀಬೌಂಡ್ ದಾಖಲೆ ಇಂದಿಗೂ ಅವರದೇ. ನಂತರ ಅವರು ವಾಲಿಬಾಲ್ ಕಡೆ ಹೊರಳಿ ಅಮೆರಿಕದ ವೃತ್ತಿಪರ ವಾಲಿಬಾಲ್ ಲೀಗ್ ಬೆಳೆಸಲು ಶ್ರಮಿಸಿದರು, ಮಹಿಳಾ ಅಥ್ಲೀಟ್‌ಗಳ ತಂಡವನ್ನು ಪೋಷಿಸಿದರು, 1984ರಲ್ಲಿ ಚಲನಚಿತ್ರವೊಂದರಲ್ಲಿ ನಟಿಸಿದರು. 1991ರ ಆತ್ಮಕಥನದಲ್ಲಿ ತಮ್ಮ ಸ್ತ್ರೀಸಂಗದ ಬಗ್ಗೆ ಬರೆದ ಉತ್ಪ್ರೇಕ್ಷೆಯ ಲೆಕ್ಕ ವ್ಯಾಪಕ ಟೀಕೆಗೆ ಗುರಿಯಾಯಿತು. ಜೀವನವಿಡೀ ಸಂಖ್ಯೆಗಳಿಂದ ಅಳೆಸಿಕೊಂಡವರು ಆ ವಿಷಯಕ್ಕೂ ಸಂಖ್ಯೆಯನ್ನೇ ಮುಂದಿಟ್ಟಿದ್ದರು. ಅವರು ಮದುವೆಯಾಗಲಿಲ್ಲ.

ಕೊನೆಗಾಲದಲ್ಲಿ ರಸೆಲ್ ಕ್ಷಮೆ ಕೋರಿದರು. ಹಳೆಯ ಗೆಳೆತನ ಚಿಗುರಿತು. 1999ರ ಅಕ್ಟೋಬರ್ 12ರಂದು ಲಾಸ್ ಏಂಜಲಿಸ್‌ನ ಮನೆಯಲ್ಲಿ ಹೃದಯ ವೈಫಲ್ಯದಿಂದ ಚೇಂಬರ್ಲೇನ್ ನಿಧನರಾದರು. ಆಗ ಅವರಿಗೆ 63 ವರ್ಷ. ಅವರ ಸ್ಮರಣ ಸಭೆಯಲ್ಲಿ ರಸೆಲ್ ಕೂಡ ಗೆಳೆಯನನ್ನು ನೆನೆದರು.

ಎನ್‌ಬಿಎ ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಗೆ 2009ರಲ್ಲಿ ಬಿಲ್ ರಸೆಲ್ ಹೆಸರಿಡಲಾಯಿತು. ವರ್ಷದ ಹೊಸಬನಿಗೆ ಸಲ್ಲುವ ಪಾರಿತೋಷಕಕ್ಕೆ 2022ರಲ್ಲಿ ಚೇಂಬರ್ಲೇನ್ ಹೆಸರು ಬಂತು. ಗೆದ್ದು ಮುಗಿಸಿದವನ ಕೈಗೆ ರಸೆಲ್, ಆಟ ಆರಂಭಿಸಿದವನ ಕೈಗೆ ಚೇಂಬರ್ಲೇನ್. ಮೈದಾನದ ಅಂಚಿನಲ್ಲಿ ಸಂಕೋಚದಿಂದ ಬೆನ್ನು ಬಾಗಿಸಿ ನಿಂತ ಎತ್ತರದ ಹುಡುಗನಿಗೆ ಈ ಎರಡೂ ಹೆಸರುಗಳು ತಿಳಿದಿರಬೇಕು. ಎತ್ತರ ಹುಟ್ಟಿನಿಂದ ಬಂದದ್ದು. ಕೈಯಲ್ಲಿರುವ ಚೆಂಡನ್ನು ಇನ್ನೊಬ್ಬನಿಗೆ ಕೊಡುವುದನ್ನು ಮಾತ್ರ ಚೇಂಬರ್ಲೇನ್ ಕೂಡ ಕಲಿಯಬೇಕಾಯಿತು.