ಕಣಗಿನಹಾಳದ ಸಂಘಕ್ಕೆ ದಾರಿ ತೋರಿದ ಜರ್ಮನಿಯ ಮೇಯರ್ ರೈಫೈಸನ್

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘ ದೇಶಕ್ಕೇ ಮೊದಲನೆಯದು ಅನ್ನೋದು ಜಿಲ್ಲೆಯವರಿಗೆಲ್ಲ ಗೊತ್ತು. ಇಂಥ ಸಂಘದ ಮಾದರಿ ಹುಟ್ಟಿದ್ದು ಮಾತ್ರ ದೂರದ ಜರ್ಮನಿಯಲ್ಲಿ. ಅದನ್ನು ರೂಪಿಸಿದವರು ಫ್ರೆಡ್ರಿಕ್ ವಿಲ್‌ಹೆಲ್ಮ್ ರೈಫೈಸನ್.

1818ರ ಮಾರ್ಚ್ 30ರಂದು ಹುಟ್ಟಿದ ರೈಫೈಸನ್ ಸೈನ್ಯದಲ್ಲಿದ್ದರು. ಕಣ್ಣಿನ ಬೇನೆಯಿಂದ ಆ ಕೆಲಸ ಬಿಡಬೇಕಾಯ್ತು. 1845ರಲ್ಲಿ ವೈಯರ್‌ಬುಶ್ ಎಂಬಲ್ಲಿ ಮೇಯರ್ ಆದರು. ಮರುವರ್ಷವೇ ಬರ. ಸರ್ಕಾರ ಹಿಟ್ಟು ಕಳಿಸಿತು, ಆದರೆ ರೊಕ್ಕ ಕೊಟ್ಟವರಿಗಷ್ಟೇ ಕೊಡಬೇಕೆಂದು ಆದೇಶ. ರೈಫೈಸನ್ ಆದೇಶ ಬದಿಗಿಟ್ಟು ಬಡವರಿಗೆ ಉದ್ರಿ ಕೊಟ್ಟೇಬಿಟ್ಟರು.

ಬರ ಹೋದರೂ ಸಾಲ ಹೋಗಲಿಲ್ಲ. ದನದ ವ್ಯಾಪಾರಿಗಳು ಸಾಲದ ಮೇಲೆ ಆಕಳು ಕೊಟ್ಟು, ಕಂತು ತಪ್ಪಿದ್ರೆ ಹೊಡಕೊಂಡು ಹೋಗೋರು. 1849ರಲ್ಲಿ ಫ್ಲಾಮರ್ಸ್‌ಫೆಲ್ಡ್‌ನಲ್ಲಿ ಸುಮಾರು 60 ಮಂದಿ ಉಳ್ಳವರನ್ನು ಜಾಮೀನು ನಿಲ್ಲಿಸಿ ಸಂಘ ಕಟ್ಟಿದರು. ಸಂಘವೇ ದನ ಕೊಂಡು ರೈತರಿಗೆ ಕೊಡುತ್ತಿತ್ತು, 5 ವರ್ಷದ ಕಂತಿನಲ್ಲಿ ತೀರಿಸಿದರಾಯ್ತು. 1854ರಲ್ಲಿ ಹೆಡೆಸ್‌ಡಾರ್ಫ್‌ನಲ್ಲಿ ಇನ್ನೊಂದು ಸಂಘ. ಆದರೆ ವರ್ಷ ಕಳೆದಂತೆ ಶ್ರೀಮಂತರ ಉತ್ಸಾಹ ಇಳೀತು. ಸಾಲ ಪಡೆಯೋರು ಒಬ್ಬರು, ಹೊಣೆ ಹೊರೋರು ಇನ್ನೊಬ್ಬರು; ಅಲ್ಲೇ ಇತ್ತು ತಪ್ಪು.

ದಾನದ ಮೇಲೆ ಭಾರೀ ನಂಬಿಕೆ ಇಟ್ಟಿದ್ದ ಮನುಷ್ಯನಿಗೆ ಇದನ್ನ ಒಪ್ಪೋದು ಸುಲಭ ಇರಲಿಲ್ಲ. ಒಪ್ಪಿದರು. 1864ರಲ್ಲಿ ಸಂಘವನ್ನು ಹೊಸದಾಗಿ ಕಟ್ಟಿ, ಸಾಲ ಬೇಕಾದವರೇ ಸದಸ್ಯರಾಗಬೇಕು, ಎಲ್ಲರ ಸಾಲಕ್ಕೂ ಎಲ್ಲರೂ ಹೊಣೆ ಎಂದು ನಿಯಮ ಮಾಡಿದರು. ಪಹಣಿಯಲ್ಲಿ ಹೆಸರಿಲ್ಲದ ನಮ್ಮ ಹೆಣ್ಣುಮಕ್ಕಳು ಸ್ವಸಹಾಯ ಸಂಘದ ಹೊಣೆ ಮೇಲೆ ಎಮ್ಮೆ, ಬೀಜಕ್ಕೆ ಸಾಲ ಎತ್ತೋದೂ ಹೆಚ್ಚುಕಮ್ಮಿ ಇದೇ ಲೆಕ್ಕದಲ್ಲಿ.

ಆ ಹೊತ್ತಿಗೆ ಮನೆಯಲ್ಲಿ ಕಷ್ಟ. 1863ರಲ್ಲಿ ಹೆಂಡತಿ ಎಮಿಲಿ ತೀರಿಕೊಂಡಿದ್ದರು. ದೃಷ್ಟಿ ಹೆಚ್ಚುಕಡಿಮೆ ಹೋಗಿತ್ತು, 1865ರಲ್ಲಿ 47ನೇ ವಯಸ್ಸಿಗೇ ನಿವೃತ್ತಿ. ಮುಂದೆ ಅವರಿಗೆ ಕಣ್ಣಾದವಳು ಹಿರಿಮಗಳು ಅಮಾಲಿ. 1866ರಲ್ಲಿ ಬಂದ ಅವರ ಸಾಲಸಂಘಗಳ ಪುಸ್ತಕಕ್ಕೆ, ಊರೂರಿಗೆ ಹೋಗುತ್ತಿದ್ದ ಪತ್ರಗಳಿಗೆ ಅಪ್ಪ ಹೇಳಿದ್ದನ್ನು ಬರೆದವಳು ಅವಳೇ. ಮದುವೆಯಾಗಲಿಲ್ಲ. ಸಂಘಗಳ ಚರಿತ್ರೆಯಲ್ಲಿ ಅವಳ ಹೆಸರು ಅಷ್ಟಾಗಿ ಕೇಳೋದಿಲ್ಲ.

1888ರ ಮಾರ್ಚ್ 11ರಂದು, 70 ತುಂಬಲು ಕೆಲವೇ ದಿನ ಇರುವಾಗ ರೈಫೈಸನ್ ನಿಧನರಾದರು. ಮದ್ರಾಸ್ ಸರ್ಕಾರದ ಅಧಿಕಾರಿ ಫ್ರೆಡ್ರಿಕ್ ನಿಕೋಲ್ಸನ್ ಯುರೋಪಿನ ಸಾಲಸಂಘಗಳನ್ನು ನೋಡಿಬಂದು, 1895ರಿಂದ ಕೊಟ್ಟ ವರದಿಯಲ್ಲಿ ಇದೇ ಮಾದರಿಯನ್ನು ಎತ್ತಿಹಿಡಿದರು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ ಕಣಗಿನಹಾಳ.