ಮೋಚಿಯ ಮಗ ಲಿಯೋ ಬೇಕ್‌ಲ್ಯಾಂಡ್



ಇಂದು ಮನೆಗೆ ಹೋದಾಗ ಕುಕ್ಕರಿನ ಕಪ್ಪು ಹಿಡಿಯನ್ನು ಒಮ್ಮೆ ಗಮನಿಸಿ ನೋಡಿ. ಕುಕ್ಕರ್ ಕಾದು ಸೀಟಿ ಹಾಕುತ್ತಿದ್ದರೂ ನಿಮ್ಮ ಅಮ್ಮಿ ಆ ಹಿಡಿಯನ್ನು ಬರಿಗೈಯಲ್ಲಿ ಹಿಡಿದು ಕೆಳಗಿಳಿಸುತ್ತಾರೆ. ಹಳೆಯ ಮನೆಗಳ ಬಲ್ಬ್ ಹೋಲ್ಡರ್, ಕಪ್ಪು ಸ್ವಿಚ್‌ಗಳನ್ನೂ ನೋಡಿರುತ್ತೀರಿ. ಅವನ್ನು ಮುಟ್ಟಿದರೆ ಕರೆಂಟ್ ಹೊಡೆಯುವುದಿಲ್ಲ. ಅಂಗಡಿಯವರು ಈ ವಸ್ತುವನ್ನು ಬೇಕಲೈಟ್ ಎನ್ನುತ್ತಾರೆ. ಇದು ಒಬ್ಬ ಮನುಷ್ಯನ ಹೆಸರಿನಿಂದ ಬಂದ ಪದ ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ.

ಆ ಮನುಷ್ಯ ಲಿಯೋ ಬೇಕ್‌ಲ್ಯಾಂಡ್. 1863ರ ನವೆಂಬರ್ 14ರಂದು ಬೆಲ್ಜಿಯಂ ದೇಶದ ಘೆಂಟ್ ನಗರದಲ್ಲಿ ಜನಿಸಿದರು. ತಂದೆ ಚಪ್ಪಲಿ, ಬೂಟು ಹೊಲಿಯುವ ಮೋಚಿ. ತಾಯಿ ರೋಸಾಲಿಯಾ ಶ್ರೀಮಂತರ ಮನೆಗಳಲ್ಲಿ ಕೆಲಸ ಮಾಡಿದವರು. ಹುಡುಗ ಸ್ವಲ್ಪ ದೊಡ್ಡವನಾದ ಕೂಡಲೇ ತನ್ನ ಕಸುಬಿಗೆ ಕೂರಲಿ ಎಂಬುದು ತಂದೆಯ ಇಚ್ಛೆ. ಬಡವರ ಮನೆಯಲ್ಲಿ ಇದು ತಪ್ಪೂ ಅಲ್ಲ, ಹೊಸದೂ ಅಲ್ಲ. ಆದರೆ ತಾಯಿ ಒಪ್ಪಲಿಲ್ಲ. ಮಗ ಓದಲೇಬೇಕೆಂದು ಹಟ ಹಿಡಿದರು. ಲಿಯೋ ಶಾಲೆಯ ಜೊತೆಗೆ ಸಂಜೆಯ ತಾಂತ್ರಿಕ ತರಗತಿಗಳಿಗೂ ಹೋದರು. ಘೆಂಟ್ ನಗರಸಭೆಯ ವಿದ್ಯಾರ್ಥಿವೇತನ ಪಡೆದು ವಿಶ್ವವಿದ್ಯಾಲಯ ಸೇರಿದರು. 1884ರಲ್ಲಿ, ಇನ್ನೂ ಇಪ್ಪತ್ತೊಂದು ತುಂಬುವ ಹೊತ್ತಿಗೆ, ರಸಾಯನಶಾಸ್ತ್ರದಲ್ಲಿ ಅತ್ಯುನ್ನತ ಶ್ರೇಣಿಯ ಡಾಕ್ಟರೇಟ್ ಅವರ ಕೈಯಲ್ಲಿತ್ತು.

ಅನಂತರ ಅವರು ಅಧ್ಯಾಪಕರಾದರು. ತಮಗೆ ಪಾಠ ಹೇಳಿದ್ದ ಪ್ರೊಫೆಸರ್ ಸ್ವಾರ್ಟ್ಸ್ ಅವರ ಮಗಳು ಸೆಲೀನ್‌ರನ್ನು 1889ರ ಆಗಸ್ಟ್‌ನಲ್ಲಿ ಮದುವೆಯಾದರು. ಅದೇ ವರ್ಷ ಪ್ರವಾಸ ವಿದ್ಯಾರ್ಥಿವೇತನದ ಮೇಲೆ ಈ ದಂಪತಿ ಅಮೆರಿಕಕ್ಕೆ ಹೋದರು. ನೋಡಿ ಬರಲು ಹೋದವರು ಅಲ್ಲೇ ನೆಲೆಸಿದರು. 1897ರಲ್ಲಿ ಅಮೆರಿಕದ ಪೌರರೂ ಆದರು.

ಪರದೇಶದ ಮೊದಲ ದಿನಗಳು ಸುಖದವೇನೂ ಆಗಿರಲಿಲ್ಲ. ಫೋಟೋ ಸಾಮಗ್ರಿಗಳ ಕಂಪನಿಯೊಂದರಲ್ಲಿ ಎರಡು ವರ್ಷ ದುಡಿದು, ನಂತರ ಸ್ವಂತ ಕೆಲಸ ಆರಂಭಿಸಿದರು. ಒಂದೇ ಸಲ ಹತ್ತಾರು ವಿಷಯಗಳಿಗೆ ಕೈ ಹಾಕಿದರು. ಒಂದೂ ಕೈ ಹತ್ತಲಿಲ್ಲ. ಕಾಯಿಲೆ ಬಿದ್ದರು, ಹಣವೂ ಕರಗಿತು. ಹಾಸಿಗೆಯಲ್ಲಿ ಮಲಗಿ ಅವರು ಕಲಿತ ಪಾಠ ಒಂದೇ: ಒಂದು ಕೆಲಸ ಹಿಡಿದು ಅದನ್ನು ಮುಗಿಸಬೇಕು. ದೀಪದ ಬೆಳಕಿನಲ್ಲೇ ಚಿತ್ರ ಮುದ್ರಿಸಬಹುದಾದ ವೆಲಾಕ್ಸ್ ಎಂಬ ಫೋಟೋ ಕಾಗದವನ್ನು ರೂಪಿಸಿದರು. 1899ರಲ್ಲಿ ಪ್ರಸಿದ್ಧ ಈಸ್ಟ್‌ಮನ್ ಸಂಸ್ಥೆ ಅವರ ಕಂಪನಿಯನ್ನು ಭಾರಿ ಬೆಲೆಗೆ ಕೊಂಡಿತು.

ಮೋಚಿಯ ಮಗ ಈಗ ಶ್ರೀಮಂತ. ಮುಂದೆ ಏನು ಮಾಡಿದರು ಗೊತ್ತೇ? ಮೂವತ್ತಾರು ದಾಟಿದ ವಯಸ್ಸಿನಲ್ಲಿ ಜರ್ಮನಿಯ ಬರ್ಲಿನ್‌ಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ತಮ್ಮ ಜ್ಞಾನ ಹಳೆಯದಾಗಿದೆ ಎಂದು ಅವರಿಗೆ ಅನಿಸಿತ್ತು.

ಮರಳಿ ಬಂದು ನ್ಯೂಯಾರ್ಕ್ ಸಮೀಪದ ಯಾಂಕರ್ಸ್‌ನಲ್ಲಿ, ಮನೆಯ ಆವರಣದಲ್ಲೇ ಪ್ರಯೋಗಾಲಯ ಮಾಡಿಕೊಂಡರು. ಆಗ ವಿದ್ಯುತ್ ತಂತಿಗಳ ಮೇಲಿನ ಲೇಪಕ್ಕೆ ಅರಗು ಬೇಕಾಗಿತ್ತು. ಹೌದು, ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣದ ಹೊಳಪು ಕೊಡುವ ಅರಗೇ. ಅದು ಬಹುಪಾಲು ಭಾರತದಿಂದಲೇ ಹೋಗುತ್ತಿತ್ತು. ಪುಟ್ಟ ಕೀಟಗಳು ಸ್ರವಿಸುವ ಆ ವಸ್ತು ಬೆಳೆಯುವ ಬೇಡಿಕೆಗೆ ಸಾಲುತ್ತಿರಲಿಲ್ಲ. ಬದಲಿ ವಸ್ತು ಹುಡುಕಬೇಕಿತ್ತು.

ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿದರೆ ಅಂಟಿನಂಥ ವಸ್ತು ಬರುತ್ತದೆಂದು 1872ರಲ್ಲೇ ಜರ್ಮನಿಯ ಬೇಯರ್ ಕಂಡಿದ್ದರು. ಪಾತ್ರೆಗೆ ಕಚ್ಚಿಕೊಂಡು ಬಿಡದ ಅದು ಅವರಿಗೆ ಕೆಲಸಕ್ಕೆ ಬಾರದ ಕಸ. ನಂತರದವರು ಶಾಖ ಕಡಿಮೆ ಮಾಡಿ ನೋಡಿದರು. ಶಾಖ ಹೆಚ್ಚಾದರೆ ನೊರೆ ಎದ್ದು ವಸ್ತು ತೂತುತೂತಾಗುತ್ತಿತ್ತು. ಬೇಕ್‌ಲ್ಯಾಂಡ್ ತಿರುಗಿ ಯೋಚಿಸಿದರು. ಶಾಖವನ್ನು ಹೆಚ್ಚಿಸಿದರು, ಜೊತೆಗೆ ಮುಚ್ಚಿದ ಪಾತ್ರೆಯಲ್ಲಿ ಒತ್ತಡವನ್ನೂ ಕೊಟ್ಟು ನೊರೆಯನ್ನು ಅದುಮಿದರು. 1907ರಲ್ಲಿ ಗಟ್ಟಿಯಾದ, ಮತ್ತೆ ಕರಗದ, ವಿದ್ಯುತ್ ಹರಿಯದ ವಸ್ತು ಸಿದ್ಧವಾಯಿತು. ಪೂರ್ತಿಯಾಗಿ ಮನುಷ್ಯ ನಿರ್ಮಿಸಿದ ಮೊದಲ ಪ್ಲಾಸ್ಟಿಕ್ ಅದು. 1909ರ ಫೆಬ್ರವರಿಯಲ್ಲಿ ಅದನ್ನು ರಸಾಯನ ವಿಜ್ಞಾನಿಗಳ ಮುಂದಿಟ್ಟರು. 1910ರಲ್ಲಿ ಕಂಪನಿ ಆರಂಭವಾಯಿತು. ರೇಡಿಯೋ, ಟೆಲಿಫೋನ್, ಮೋಟಾರು ವಾಹನ ಎಲ್ಲದಕ್ಕೂ ಬೇಕಲೈಟ್ ಬೇಕಾಯಿತು. 1912ರಲ್ಲಿ ಅಮೆರಿಕದ ಕೆಮಿಕಲ್ ಇಂಜಿನಿಯರುಗಳ ಸಂಸ್ಥೆಗೂ, 1924ರಲ್ಲಿ ರಸಾಯನಶಾಸ್ತ್ರ ಸಂಘಕ್ಕೂ ಅವರು ಅಧ್ಯಕ್ಷರಾದರು.

ಇಷ್ಟರ ನಡುವೆ ಮನೆಯನ್ನು ಅವರು ಮರೆಯಲಿಲ್ಲ. ಮೊದಲ ಮಗಳು ಜೆನಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದಳು. ಉಳಿದ ಜಾರ್ಜ್ ಮತ್ತು ನೀನಾರನ್ನೂ, ಪತ್ನಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಯೂರೋಪ್ ಸುತ್ತಿಸಿದರು; ಆ ಪ್ರವಾಸದ ಬಗ್ಗೆ 1907ರಲ್ಲಿ ಪುಸ್ತಕವನ್ನೂ ಬರೆದರು. ಬೇಕಲೈಟ್ ಸಿದ್ಧವಾದ ವರ್ಷವೇ ಅದು. 1939ರಲ್ಲಿ ಕಂಪನಿಯನ್ನು ಮಾರಿದರು. ಮಗನಿಗೆ ಅದನ್ನು ನಡೆಸುವ ಆಸಕ್ತಿ ಇರಲಿಲ್ಲ. 1944ರ ಫೆಬ್ರವರಿ 23ರಂದು, ಎಂಬತ್ತರ ವಯಸ್ಸಿನಲ್ಲಿ, ನಿಧನರಾದರು.

ಅವರ ನಂತರ ಬಂದ ಬಗೆಬಗೆಯ ಪ್ಲಾಸ್ಟಿಕ್‌ಗಳು ಇಂದು ಚರಂಡಿ, ಕೆರೆಗಳನ್ನು ತುಂಬಿವೆ ಎಂಬುದೂ ನಿಜ. ಆ ಕಸಕ್ಕೆ ಪರಿಹಾರ ಹುಡುಕುವ ಕೆಮಿಕಲ್ ಇಂಜಿನಿಯರ್ ನಿಮ್ಮಲ್ಲೇ ಯಾರೋ ಇರಬಹುದು.

ಆದರೆ ಆ ಹುಡುಗ ಮೊದಲು ಶಾಲೆಯಲ್ಲಿ ಉಳಿಯಬೇಕಲ್ಲವೇ? ಏಳನೇ ತರಗತಿ ಮುಗಿಸಿ ಗ್ಯಾರೇಜಿಗೋ ವೆಲ್ಡಿಂಗ್ ಅಂಗಡಿಗೋ ಹೋದ ಹುಡುಗರ ಹೆಸರುಗಳು ಪ್ರತಿ ವರ್ಷ ನಮ್ಮ ಹಾಜರಿ ಪುಸ್ತಕದಿಂದ ಇಲ್ಲವಾಗುತ್ತವೆ. ಕಸುಬು ಕೀಳಲ್ಲ, ಹಲಾಲ್ ದುಡಿಮೆಗೆ ಗೌರವವಿದೆ. ಆದರೂ ತಾಯಂದಿರೇ, ಘೆಂಟ್‌ನ ಆ ಬಡ ತಾಯಿಯನ್ನು ನೆನೆಯಿರಿ. ಅವರ ಬಳಿ ಹಣವಿರಲಿಲ್ಲ, ಹಟವಿತ್ತು. ನಗರಸಭೆ ವಿದ್ಯಾರ್ಥಿವೇತನ ಕೊಟ್ಟಿತು. ನಮ್ಮಂಥ ಸಂಸ್ಥೆಗಳು ಇರುವುದೂ ಅದಕ್ಕೇ. ಇಲ್ಮ್‌ನ ದಾರಿಯಲ್ಲಿ ಮಕ್ಕಳನ್ನು ಇನ್ನೆರಡು ವರ್ಷ ಹೆಚ್ಚಿಗೆ ನಡೆಸಿ. ಅಲ್ಲಾಹನು ನಮ್ಮೆಲ್ಲರಿಗೂ ಆ ಹಿಮ್ಮತ್ತನ್ನು ಕರುಣಿಸಲಿ. ಆಮೀನ್.